ಅತ್ತೆ ಹತ್ತನೇ ಸಲ ಕೇಳಿದಾಗ

"ಕೊನೆ ಕೊಯ್ಲು ಮುಗೀತಾ?" ನಿನ್ನೆ ಸಂಜೆ ಅತ್ತೆ ಇದನ್ನು ಹತ್ತನೇ ಸಲ ಕೇಳಿದರು. ನಾನು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಮೊದಲಾಗಿದ್ದರೆ ಸಿಡುಕುತ್ತಿದ್ದೆ. ಮರೆವು ಅವರ ತಪ್ಪಲ್ಲ ಅಂತ ಗೊತ್ತಿದ್ದರೂ ಸಿಟ್ಟು ಬರುತ್ತಿತ್ತು. ಆಮೇಲೆ ರಾತ್ರಿಯೆಲ್ಲ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಮ್ಮ ಶಿರಸಿಯ ಪಕ್ಕದ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿನ ಬೌದ್ಧ ಮಠ ನೋಡಿ ಬಂದ ಮೇಲೆ ಮೈತ್ರಿ ಧ್ಯಾನದ ಬಗ್ಗೆ ಓದಿದೆ. ಮೊದಲು ನಮಗೇ ಒಳಿತು ಬಯಸಬೇಕು. ಆಮೇಲೆ ಪ್ರೀತಿಯವರಿಗೆ, ಮುಖಪರಿಚಯದವರಿಗೆ, ಕೊನೆಗೆ ನಮಗೆ ಕಷ್ಟ ಕೊಡುವವರಿಗೆ. ಮೊದಲು ನಮಗೇ ಅನ್ನುವುದು ನನಗೆ ತುಂಬಾ ಹಿಡಿಸಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಹೇಳುವುದೂ ಅದನ್ನೇ. ಸೋತ ಗೆಳತಿಯ ಜೊತೆ ಹೇಗೆ ಮಾತಾಡುತ್ತೇವೋ ನಮ್ಮ ಜೊತೆಗೂ ಹಾಗೇ ಮಾತಾಡಬೇಕು, ಅಲ್ವಾ?

ಈಗ ಉತ್ತರ ಕೊಡುವ ಮೊದಲು ಒಂದು ಉಸಿರು ಎಳೆದು ಬಿಡುತ್ತೇನೆ. 'ನನಗೆ ದಣಿವಾಗಿದೆ, ಅತ್ತೆಗೆ ಗಾಬರಿಯಾಗಿದೆ' ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತೇನೆ. ದಿನಾ ಆಗುವುದಿಲ್ಲ. ಸೋಮವಾರ ದನಿ ಏರಿತ್ತು.

ನಿನ್ನೆ ಮಾತ್ರ ಎದ್ದು ಹೋಗಿ ಅವರ ಕೈಗೆ ಒಂದು ಹಸಿ ಅಡಿಕೆ ಕೊಟ್ಟೆ. "ಆಗ್ತಾ ಇದೆ ಅತ್ತೆ, ನೋಡಿ." ಅವರು ಅದನ್ನು ಮೂಸಿ ನೋಡಿ ಸುಮ್ನೆ ನಕ್ಕರು.