ಇಲಿ ಚೆನ್ನಾಗಿದ್ದರೆ ಮೊದಲು ಬಾಟಲಿ ತೂಗಿ

ಧಾರವಾಡದಲ್ಲಿ ಇಲಿಗಳ ಮೇಲೆ ಔಷಧ ಪರೀಕ್ಷಿಸುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಕರುಳಿನ ಉರಿಯೂತಕ್ಕೆ ಯಾವುದೋ ಬೇರು, ಯಾವುದೋ ಎಲೆಯ ಸಾರ ಹಿಡಿದುಕೊಂಡು ವಿದ್ಯಾರ್ಥಿಗಳು ಬರುತ್ತಲೇ ಇರುತ್ತಾರೆ. ಅದನ್ನು ನೋಡಬೇಕಾದರೆ ಮೊದಲು ಇಲಿಗೆ ಉರಿಯೂತ ಬರಿಸಬೇಕು ಅಲ್ವಾ? ಅದಕ್ಕೆ ಎಲ್ಲರೂ ಹಿಡಿಯುವ ದಾರಿ ಡಿಎಸ್‌ಎಸ್, ಅಂದರೆ ಡೆಕ್ಸ್‌ಟ್ರಾನ್ ಸಲ್ಫೇಟ್ ಸೋಡಿಯಂ ಎಂಬ ರಾಸಾಯನಿಕ. ಕುಡಿಯುವ ನೀರಲ್ಲಿ ಶೇ. 2–3ರಷ್ಟು ಕರಗಿಸಿ 5ರಿಂದ 7 ದಿನ ಕೊಡುತ್ತೇವೆ. ದೊಡ್ಡ ಕರುಳಿನ ಒಳಪದರ ಹಾಳಾಗುತ್ತದೆ. ಕರುಳಿನಲ್ಲೇ ಇದ್ದ ಬ್ಯಾಕ್ಟೀರಿಯಾ ಗೋಡೆಯೊಳಗೆ ನುಗ್ಗುತ್ತವೆ. ಆಮೇಲೆ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಯುವುದು. ಕೊನೆಗೆ ಕರುಳನ್ನು ಸ್ಕೇಲ್ ಪಕ್ಕ ಇಟ್ಟರೆ ಗಿಡ್ಡ ಆಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಈಚೆಗೆ ಒಬ್ಬ ಹುಡುಗಿ ಓಡೋಡಿ ಬಂದಳು. 'ಮೇಡಂ, ಸಾರ ಕೊಟ್ಟ ಇಲಿ ಭಾಳ ಚಲೋ ಅದಾವ್ರಿ, ತೂಕನೂ ಇಳಿದಿಲ್ರಿ!' ಪಂಜರ ತೊಳೆಯುತ್ತಿದ್ದ ಕಾಕಾ ತಲೆ ಎತ್ತದೇ ಹೇಳಿದರು: 'ಆ ಬಾಟ್ಲಿ ನೀರು ಖಾಲಿನ ಆಗವಲ್ದವಾ.'

ಅವಳು ಸಾರವನ್ನೂ ಅದೇ ಡಿಎಸ್‌ಎಸ್ ನೀರಿಗೆ ಬೆರೆಸಿದ್ದಳು. ಸಾರ ಮಹಾ ಕಹಿ. ಬಾಟಲಿ ತೂಗಿ ನೋಡಿದರೆ ಆ ಇಲಿಗಳು ಉಳಿದವಕ್ಕಿಂತ ತೀರಾ ಕಡಿಮೆ ಕುಡಿದಿದ್ದವು. ಕುಡಿಯದಿದ್ದರೆ ಡಿಎಸ್‌ಎಸ್ ಹೊಟ್ಟೆಗೆ ಹೋಗುವುದಾದರೂ ಹೇಗೆ? ರೋಗವೇ ಸರಿಯಾಗಿ ಬಂದಿರಲಿಲ್ಲ, ಔಷಧಕ್ಕೆ ಮಾತ್ರ ಹೆಸರು ಬಂದಿತ್ತು.

ಹೀಗೆ ನೀರಿನಿಂದ ರೋಗ ಬರಿಸುವ ವಿಧಾನದಲ್ಲಿ ಇಲಿ ಎಷ್ಟು ಕುಡಿಯಿತೋ ಅಷ್ಟೇ ಡಿಎಸ್‌ಎಸ್ ಡೋಸ್. ಹಾಗಾಗಿ ನಮ್ಮಲ್ಲಿ ಈಗ ದಿನಾ ಬೆಳಗ್ಗೆ ಇಲಿಯ ಜೊತೆ ಬಾಟಲಿಯೂ ತಕ್ಕಡಿ ಏರುತ್ತದೆ. ಸುಮ್ನೆ ಸೋರಿ ಹೋಗುವ ನೀರೆಷ್ಟು ಅಂತ ತಿಳಿಯಲು ಖಾಲಿ ಪಂಜರಕ್ಕೂ ಒಂದು ಬಾಟಲಿ ಸಿಕ್ಕಿಸುತ್ತೇವೆ. ಹೋಲಿಸಬೇಕಾದದ್ದು ಮೊದಲ ಎರಡು ಮೂರು ದಿನದ ಲೆಕ್ಕ. ಆಮೇಲೆ ಕಾಯಿಲೆ ಜೋರಾದ ಇಲಿ ತಾನಾಗಿಯೇ ಕಡಿಮೆ ಕುಡಿಯುತ್ತದೆ, ಆ ಅಂಕಿಯಿಂದ ಜಾಸ್ತಿ ಏನೂ ತಿಳಿಯುವುದಿಲ್ಲ.

ಪಂಜರದ್ದು ಇನ್ನೊಂದು ತಲೆನೋವು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ಒಂದೇ ಪಂಜರದವಕ್ಕೆ ಕರುಳಿನ ಬ್ಯಾಕ್ಟೀರಿಯಾವೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಔಷಧದ್ದೆಲ್ಲ ಒಂದೇ ಪಂಜರ, ಔಷಧ ಇಲ್ಲದ್ದೆಲ್ಲ ಇನ್ನೊಂದು ಅಂತ ಇಟ್ಟರೆ ಫಲಿತಾಂಶ ಔಷಧದ್ದೋ ಪಂಜರದ್ದೋ ಗೊತ್ತಾಗದು. ಪ್ರತಿ ಗುಂಪನ್ನೂ ಹಲವು ಪಂಜರಗಳಲ್ಲಿ ಹಂಚಿಡಿ.

ಆ ಹುಡುಗಿ ಈಗ ಸಾರವನ್ನು ನಳಿಕೆಯಿಂದ ನೇರ ಹೊಟ್ಟೆಗೆ ಕೊಡುವ ಹಾಗೆ ಯೋಜನೆ ತಿದ್ದಿದ್ದಾಳೆ. ವಿಧಾನ ಬದಲಾಯಿತಲ್ಲ, ಎಥಿಕ್ಸ್ ಕಮಿಟಿ ಮತ್ತೆ ಒಪ್ಪಬೇಕು. ಅರ್ಜಿ ಹೋಗಿದೆ.