ಈ ವಾರ ನಾವೇ ಜನ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಈಗ ಪರಿಚಯದವರು ಎದುರಾದರೆ ಹವಾಮಾನದ ಮಾತು ಮುಗಿಯುವ ಮೊದಲೇ ಬರುವ ಪ್ರಶ್ನೆ, ‘ನಿಮ್ಮ ವಿಭಾಗ ಉಳಿಯಿತೇ?’ ಎಂಬುದು. ಇದು ಕಾರುಗಳ ಊರು. 1886ರಲ್ಲಿ ಗಾಟ್ಲೀಬ್ ಡೈಮ್ಲರ್ ತನ್ನ ಮೋಟಾರು ಬಂಡಿಯನ್ನು ಓಡಿಸಿ ನೋಡಿದ್ದು ಇಲ್ಲಿಯ ಕಾನ್‌ಷ್ಟಾಟ್‌ನಲ್ಲಿ. ಆ ಕಾಲದಿಂದ ಈ ಊರಿನ ಅನ್ನ ಎಂಜಿನ್ನಿನ ಮೇಲೆಯೇ ಬೆಂದಿದೆ. ವಿದ್ಯುತ್ ಕಾರುಗಳು ಬಂದವು, ಚೀನಾದ ಪೈಪೋಟಿ ಬಂತು, ಈಗ ಒಂದಾದ ಮೇಲೊಂದು ಕಂಪನಿ ಸಾವಿರಾರು ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳುತ್ತಿದೆ. ನಾನು ಪರೀಕ್ಷಿಸುತ್ತಿದ್ದ ಬ್ರೇಕ್ ತಂತ್ರಾಂಶದ ಯೋಜನೆಯನ್ನೂ ಅರ್ಧದಲ್ಲಿ ನಿಲ್ಲಿಸಿದರು.

ಉಳಿದವರ ಉತ್ಸಾಹ ಹೆಚ್ಚಿಸಲು ಒಂದು ತರಬೇತಿ ಏರ್ಪಾಡಾಯಿತು. ‘ಪ್ರತಿ ಬೆಳಗ್ಗೆ ನಿಮ್ಮನ್ನು ಕೆಲಸಕ್ಕೆ ಕರೆತರುವುದು ಏನು?’ ಎಂದು ಕೇಳಿ ಎಲ್ಲರ ಕೈಗೂ ಹಳದಿ ಚೀಟಿ ಕೊಟ್ಟರು. ನನ್ನ ಪಕ್ಕದಲ್ಲಿ ಕುಳಿತವರು ತಮ್ಮ ಯೌವನವನ್ನೆಲ್ಲ ಆ ಬ್ರೇಕಿಗೇ ಕೊಟ್ಟವರು. ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು, ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಇಂಥವರಿಗೆ ಕೆಲಸದ ಮೇಲಿನ ಪ್ರೀತಿಯನ್ನು ಹೊರಗಿನವರು ಬಂದು ಕಲಿಸಬೇಕೇ?

ಆ ಶನಿವಾರ ಗುಡಿಸುವ ಸರದಿ ನಮ್ಮದಾಗಿತ್ತು. ಈ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿ ಇದೆ. ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು ಒರೆಸಬೇಕು, ಮುಂದಿನ ಕಾಲುದಾರಿ ಗುಡಿಸಬೇಕು, ಚಳಿಗಾಲದಲ್ಲಿ ಜನ ಓಡಾಡುವ ಹೊತ್ತಿಗೆ ಮೊದಲೇ ಹಿಮ ಸರಿಸಿರಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಫಲಕ ತೂಗುತ್ತದೆ. ಮನೆಯ ಮುಂದಿನ ಕಸಕ್ಕೆ ಮನೆಯವರೇ ಹೊಣೆ ಎಂದು ಎಬರ್‌ಹಾರ್ಡ್ ದೊರೆ ಸ್ಟುಟ್‌ಗಾರ್ಟ್ ನಗರಕ್ಕೆ ಕಟ್ಟಳೆ ಮಾಡಿದ್ದು 1492ರಲ್ಲಿ. ನಗರಾಡಳಿತ ತನ್ನ ನಿಯಮವನ್ನು 1988ರಲ್ಲಿ ಕೈಬಿಟ್ಟಿತು. ಆದರೂ ಬಾಡಿಗೆ ಕರಾರುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಹಿರಿಯರ ಮನಸ್ಸಿನಲ್ಲಿ, ಅದು ಉಳಿದುಕೊಂಡಿದೆ.

ಕೆಳಮನೆಯ ಅಜ್ಜಿ ನನ್ನ ಮಗಳಿಗೆ ಪೊರಕೆ ಹಿಡಿಯುವುದನ್ನು ಕಲಿಸುತ್ತಿದ್ದರು. ಅವರು ಲೇತ್ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುತ್ತಿದ್ದವರು, ನಿವೃತ್ತರಾಗಿ ಬಹಳ ಕಾಲವಾಗಿದೆ. ಗೋಡೆಯ ಕಡೆಯಿಂದ ಆರಂಭಿಸಿ ರಸ್ತೆಯ ಕಡೆಗೆ ಬರಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಕಲ್ಲುಗಳ ಸಂದಿಯ ಮಣ್ಣನ್ನು ಸಣ್ಣ ಪೊರಕೆಯ ತುದಿಯಿಂದ ಎಬ್ಬಿಸಬೇಕು, ಮೊರವನ್ನು ನೆಲಕ್ಕೆ ಒತ್ತಿ ಹಿಡಿದು ಒಂದೇ ಎಳೆತಕ್ಕೆ ತುಂಬಬೇಕು. ಮೊರ ಎತ್ತಿದ ಮೇಲೆ ಉಳಿಯುವ ಸಣ್ಣ ಧೂಳಿನ ಗೆರೆ ಇದೆಯಲ್ಲ, ಅದಕ್ಕೆ ಮೊರವನ್ನು ಬೆರಳಷ್ಟು ಹಿಂದೆ ಸರಿಸಿ ಇನ್ನೊಮ್ಮೆ. ಮೇಲಿನ ಲಿಂಡನ್ ಮರ ಮಾತ್ರ ಗುಡಿಸಿದಲ್ಲೇ ಎಲೆ ಉದುರಿಸುತ್ತಿತ್ತು. ‘ನಾಳೆ ಮತ್ತೆ ಬೀಳುತ್ತದಲ್ಲ, ಯಾಕೆ ಗುಡಿಸಬೇಕು?’ ಎಂದಳು ಮಗಳು. ಅಜ್ಜಿ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ‘ಆ ಮೂಲೆ ಬಿಟ್ಟಿದ್ದೀಯ’ ಎಂದರು ಅಷ್ಟೇ.

ಅದೇ ಹೊತ್ತಿಗೆ ಮೈಸೂರಿನಿಂದ ಅಮ್ಮನ ವಿಡಿಯೊ ಕರೆ ಬಂತು. ಮೊಮ್ಮಗಳ ಕೈಯಲ್ಲಿ ಪೊರಕೆ ಕಂಡು ಅವರ ಮುಖ ಸಪ್ಪಗಾಯಿತು. ‘ಅಯ್ಯೋ, ಮಗುವಿನ ಕೈಯಲ್ಲಿ ಬೀದಿ ಗುಡಿಸಿಸುತ್ತಿದ್ದೀಯಾ? ಅಲ್ಲಿ ಅದಕ್ಕೆಲ್ಲ ಜನ ಇಲ್ಲವೇ?’

ಮಗಳು ಫೋನಿನ ಹತ್ತಿರಕ್ಕೆ ಓಡಿ ಬಂದಳು. ‘ಅಜ್ಜೀ, ಈ ವಾರ ನಾವೇ ಜನ. ನಿಮ್ಮ ಬೀದಿಯಲ್ಲಿ ನಿಮ್ಮ ಸರದಿ ಯಾವಾಗ?’

ಅಮ್ಮ ನಕ್ಕು ಮಾತು ಬದಲಿಸಿದರು. ನನಗೆ ನಗು ಬರಲಿಲ್ಲ.

ನಮ್ಮ ಮನೆಯಲ್ಲಿ ಕೆಲಸಕ್ಕೆ ಹಿಂದೆ ಸರಿದವರು ಯಾರೂ ಇಲ್ಲ, ಅಮ್ಮನಂತೂ ಇಲ್ಲವೇ ಇಲ್ಲ. ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಕುಕ್ಕರಗಾಲಲ್ಲಿ ಕುಳಿತು ಚುಕ್ಕಿ ಇಡುತ್ತಿದ್ದರು. ಒಂದು ಚುಕ್ಕಿ ಅತ್ತಿತ್ತ ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಡುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಹಾಲಿನವನ ಸೈಕಲ್ಲು, ಬೀದಿಯ ಹಸು, ಶಾಲೆಗೆ ಹೊರಟ ನಾವು, ಎಲ್ಲರೂ ಅದರ ಮೇಲೆ ಹಾದುಹೋಗಿರುತ್ತಿದ್ದೆವು. ಅಮ್ಮ ಅದಕ್ಕೆ ಒಮ್ಮೆಯೂ ಬೇಸರಿಸಿದ್ದು ಕಾಣೆ. ಮರುದಿನದ ರಂಗೋಲಿ ಇನ್ನೊಂದು ಬಗೆಯದು. ಉತ್ಸಾಹದ ತರಬೇತಿಯಲ್ಲಿ ಕುಳಿತಾಗ ನನಗೆ ನೆನಪಾಗಬೇಕಿದ್ದದ್ದು ಆ ಅಂಗಳ.

ಆದರೆ ಅಮ್ಮನ ಪೊರಕೆ ರಂಗೋಲಿಯ ಅಂಚಿಗೆ ನಿಲ್ಲುತ್ತಿತ್ತು. ಅದರಾಚೆಯ ಬೀದಿಗೆ ‘ಜನ’ ಇದ್ದರು. ಬೆಳಕು ಹರಿಯುವ ಮೊದಲೇ ತಳ್ಳುಗಾಡಿಯೊಂದಿಗೆ ಬರುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು ನನಗೆ ಚೆನ್ನಾಗಿ ನೆನಪಿದ್ದಾರೆ. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಬರಿಗೈಯಲ್ಲೇ ಚರಂಡಿಯ ಬಾಯಿಂದ ಪ್ಲಾಸ್ಟಿಕ್ ಎಳೆದು ತೆಗೆಯುತ್ತಿದ್ದರು. ಅವರೂ ಮೂಲೆ ಬಿಡುತ್ತಿರಲಿಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದಾಗ ನಾನು ಇಲ್ಲಿಯವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಈಗಲೂ ಹೆಮ್ಮೆಯೇ. ಆ ಸ್ಥಾನ ಗಳಿಸಿಕೊಟ್ಟದ್ದು ಆ ಬರಿಗೈಗಳು.

ಅವರ ಬದುಕು ಸುಧಾರಿಸಲು ಏನು ಮಾಡಬೇಕೆಂದು ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟದ್ದು 1976ರಲ್ಲಿ. ಅದಾದ ಎಷ್ಟೋ ವರ್ಷಗಳ ಮೇಲೆ, 2022ರ ಜುಲೈ ತಿಂಗಳಿನಲ್ಲಿ, ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು. ಗುತ್ತಿಗೆ ಬೇಡ, ಕೆಲಸ ಕಾಯಂ ಮಾಡಿ ಎಂದು ಕೇಳಿದರು. ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆಯಲ್ಲಿ ಶಾಲು ಹೊದಿಸುತ್ತೇವೆ. ಶಾಲು ಒಳ್ಳೆಯದೇ, ಆದರೆ ಅದು ಕೈಗವಸಿನ ಕೆಲಸ ಮಾಡಲಾರದು.

ಜರ್ಮನಿಯನ್ನು ಸ್ವರ್ಗವೆಂದು ಹೇಳುತ್ತಿಲ್ಲ. ನಮ್ಮ ರಸ್ತೆಯ ಎಷ್ಟೋ ಕಟ್ಟಡಗಳವರು ಈಗ ಹಣ ಕೊಟ್ಟು ಗುಡಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದ್ದಾರೆ. ನಸುಕಿನಲ್ಲಿ ಬಕೆಟ್ಟು ಹಿಡಿದು ಬರುವವರು ರೊಮೇನಿಯಾದವರು, ಬಾಲ್ಕನ್ ದೇಶಗಳವರು. ಇಲ್ಲಿಯೂ ‘ಅದಕ್ಕೆ ಜನ’ ಹುಟ್ಟಿಕೊಳ್ಳುತ್ತಿದ್ದಾರೆ. ಅದಕ್ಕೇ ಕೆಳಮನೆಯ ಅಜ್ಜಿಯಂಥವರು ಇರುವಷ್ಟು ದಿನ ಮಗಳು ಅವರ ಪಕ್ಕದಲ್ಲಿ ಪೊರಕೆ ಹಿಡಿದು ನಿಲ್ಲಲಿ ಎಂದು ನನ್ನ ಆಸೆ.

ಸೋಮವಾರ ಕಚೇರಿಗೆ ಹೋದವಳು ನಿಂತುಹೋದ ಯೋಜನೆಯ ಕಡತ ತೆರೆದೆ. ಒದ್ದೆ ಇಳಿಜಾರಿನಲ್ಲಿ ನಿಂತ ಗಾಡಿ ಹೊರಡುವಾಗ ಬ್ರೇಕ್ ಬಿಡುವುದು ಕ್ಷಣಮಾತ್ರ ತಡವಾಗುತ್ತಿತ್ತು, ಅದೂ ಚಳಿ ಹೆಚ್ಚಿದ್ದಾಗ ಮಾತ್ರ. ಕಾರಣ ಬಹುಮಟ್ಟಿಗೆ ಗೊತ್ತಾಗಿತ್ತು, ಬರೆದಿಟ್ಟಿರಲಿಲ್ಲ. ಯಾವ ಪರೀಕ್ಷೆಯಲ್ಲಿ ಏನಾಯಿತು, ಎಲ್ಲಿಯವರೆಗೆ ಬಂದೆವು, ಮುಂದೆ ಎಲ್ಲಿ ಹುಡುಕಬೇಕು, ಎಲ್ಲವನ್ನೂ ಕ್ರಮವಾಗಿ ಬರೆದೆ. ಹಳದಿ ಚೀಟಿ ಜೇಬಿಗಿಟ್ಟಿದ್ದ ಹಿರಿಯರೂ ಕುರ್ಚಿ ಎಳೆದುಕೊಂಡು ಬಂದು ಕುಳಿತರು. ಎರಡು ಕಡೆ ನನ್ನ ಅಂಕಿಗಳನ್ನು ತಿದ್ದಿದರು. ಸಂಜೆಯ ಹೊತ್ತಿಗೆ ಇಬ್ಬರೂ ಊಟ ಮರೆತಿದ್ದೆವು. ನಮ್ಮ ಹುದ್ದೆಗಳ ಗತಿ ಏನೆಂದು ಆಗಲೂ ಯಾರೂ ಹೇಳಿರಲಿಲ್ಲ, ಈಗಲೂ ಹೇಳಿಲ್ಲ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಬೆಂಗಳೂರಿನಲ್ಲಿ ಅವನ ಕೈಕೆಳಗೆ ಬಹಳ ಮಂದಿ ದುಡಿಯುತ್ತಾರೆ. ‘ನೋಡಿದೆಯಾ ಅಕ್ಕ, ಎಲ್ಲವೂ ಮನೋಭಾವದಲ್ಲಿದೆ. ಕಾಯಕವೇ ಕೈಲಾಸ ಎಂದು ನಮ್ಮವರು ಸುಮ್ಮನೆ ಹೇಳಿದರೇ?’ ಎಂದ. ಸುಮ್ಮನೆ ಹೇಳಲಿಲ್ಲ, ನಿಜ. ಆದರೆ ಆ ಮಾತಿನ ಕಾಲದಲ್ಲಿ ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಸತ್ಯಕ್ಕ ಇದ್ದಳು. ಲಂಚಕ್ಕೆ ಕೈಯೊಡ್ಡೆನು, ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನು ಎಂದು ಆಣೆಯಿಟ್ಟು ವಚನ ಬರೆದವಳು. ಗುಡಿಸುವವಳ ಆ ಮಾತನ್ನು ಕೇಳಿಸಿಕೊಂಡು ಉಳಿಸಿಕೊಂಡ ಸಮಾಜ ಅದು. ಕಾಯಕದ ಮಾತನ್ನು ದುಡಿಯುವವರು ತಾವಾಗಿ ಆಡಿದರೆ ಅದಕ್ಕೊಂದು ತೂಕ. ಕೂಲಿ ಕೊಡಬೇಕಾದವರು ಕೂಲಿ ತಡಮಾಡಿ ಅದನ್ನೇ ಉಪದೇಶಿಸಿದರೆ ಕೇಳಲು ನನ್ನಿಂದಾಗದು. ನಿನ್ನ ಕಚೇರಿಯ ಶೌಚಾಲಯ ತೊಳೆಯುವವರಿಗೆ ಸಂಬಳ ಯಾವ ತಾರೀಕಿಗೆ ಬರುತ್ತದೆ ಎಂದು ಅವನನ್ನು ಕೇಳಿದೆ. ಅದು ಗುತ್ತಿಗೆದಾರನಿಗೆ ಸೇರಿದ್ದು, ವಿಚಾರಿಸಿ ಹೇಳುತ್ತೇನೆ ಎಂದಿದ್ದಾನೆ. ಭಾನುವಾರ ಮತ್ತೆ ಕರೆ ಮಾಡುತ್ತೇನೆ.