ಜಕ್ಕೂರು ಕೆರೆಗೆ ನೀರು ಬರುವ ದಾರಿಯಲ್ಲಿ

ಬೆಂಗಳೂರಿನ ಜಕ್ಕೂರು ಕೆರೆಗೆ ಹೋದವರು ಸಾಮಾನ್ಯವಾಗಿ ಏರಿಯ ಮೇಲೆ ನಡೆದು, ಹೆಜ್ಜಾರ್ಲೆಗಳ ಫೋಟೋ ತೆಗೆದು ಮರಳುತ್ತಾರೆ. ಸುಮಾರು 160 ಎಕರೆಯ ಕೆರೆ ಬೇಸಿಗೆಯಲ್ಲೂ ನೀರು ಹಿಡಿದಿರುವ ಬಗೆ ತಿಳಿಯಬೇಕಾದರೆ ಉತ್ತರದ ತುದಿಯಿಂದ ಹೊರಡಬೇಕು, ಅದೂ ನಸುಕಿನಲ್ಲಿ.

ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದದ್ದು. ಅಲ್ಲಿಂದ ಹೊರಬಿದ್ದ ನೀರಿಗೂ ಕೆರೆಗೂ ನಡುವೆ ಜೊಂಡು, ಅಂತರಗಂಗೆ ಒತ್ತಾಗಿ ಬೆಳೆದ ಜೌಗು. ಕೆರೆಯ ಜೀವ ಇರುವುದೇ ಇಲ್ಲಿ. ಘಟಕ ಕೊಳೆ ತೆಗೆದರೂ ಸಾರಜನಕ, ರಂಜಕ ನೀರಿನಲ್ಲಿ ಉಳಿದಿರುತ್ತವೆ. ಜೌಗಿನಲ್ಲಿ ನೀರಿನ ಓಟ ತಗ್ಗಿ ಕಣಗಳು ತಳಕ್ಕಿಳಿಯುತ್ತವೆ. ಸೂಕ್ಷ್ಮಜೀವಿಗಳು ಸಾರಜನಕವನ್ನು ಗಾಳಿಗೆ ಬಿಡುತ್ತವೆ, ಗಿಡಗಳು ರಂಜಕ ಹೀರುತ್ತವೆ.

ಹೀರಿದ್ದು ಗಿಡದಲ್ಲೇ ಇರುತ್ತದೆ. ಕೊಯ್ದು ಸಾಗಿಸದಿದ್ದರೆ ಗಿಡ ಅಲ್ಲೇ ಕೊಳೆತು ಎಲ್ಲವನ್ನೂ ನೀರಿಗೆ ಮರಳಿಸುತ್ತದೆ. ಕೊಯ್ದದ್ದನ್ನು ದಂಡೆಯಲ್ಲಿ ರಾಶಿ ಹಾಕಿದರೂ ಅಷ್ಟೇ, ಮಳೆಗೆ ರಸ ಇಳಿದು ಕೆರೆ ಸೇರುತ್ತದೆ. ಒಂದೇ ಸಲ ಬೋಳಿಸಿದರೆ ಶುದ್ಧೀಕರಣ ನಿಲ್ಲುತ್ತದೆ, ಜೊಂಡಿನೊಳಗಿನ ಗೂಡುಗಳೂ ಹೋಗುತ್ತವೆ. ಆದ್ದರಿಂದ ಪಟ್ಟಿಪಟ್ಟಿಯಾಗಿ, ಸರದಿಯ ಮೇಲೆ ಕೊಯ್ಲು. ಹೂಳು ಕಟ್ಟಿದಾಗ ಇನ್ನೊಂದು ತೊಂದರೆ: ನೀರು ಒಂದೇ ಸಂದು ಮಾಡಿಕೊಂಡು ಗಿಡಗಳನ್ನು ಸೋಕದೆ ಓಡುತ್ತದೆ.

ಹಾಗೆ ರಂಜಕ ನುಗ್ಗಿದರೆ ಪಾಚಿ ಹೆಚ್ಚುತ್ತದೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಬಳಸುತ್ತದೆ. ಬೆಳಕು ಹರಿಯುವ ಹೊತ್ತಿಗೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಎಚ್ಚರಿಕೆ. ನಸುಕಿನಲ್ಲಿ ಬರಬೇಕು ಎಂದದ್ದು ಇದಕ್ಕೇ.

ಇನ್ನು ದಡ. ಹೂಳೆತ್ತುವ ನೆಪದಲ್ಲಿ ಕೆರೆಯನ್ನು ಬಾಣಲೆಯಂತೆ ಕೆತ್ತಿದರೆ ನೀರು ಹೆಚ್ಚು ನಿಲ್ಲುತ್ತದೆ, ಹಕ್ಕಿ ನಿಲ್ಲುವುದಿಲ್ಲ. ನೀರುಕಾಗೆಗೆ ಆಳ ಒಗ್ಗುತ್ತದೆ. ಗೊರವಕ್ಕೆ ಬೇಕಾದದ್ದು ಎರಡು-ಮೂರು ಇಂಚು ನೀರು, ಕೆಸರು. ಹೂಳೆತ್ತುವಾಗ ಒಂದು ಕಡೆಯನ್ನಾದರೂ ಇಳಿಜಾರಾಗಿ ಬಿಡಬೇಕು. ಎತ್ತಿದ ಮಣ್ಣಿನಲ್ಲೇ ನಡುಗಡ್ಡೆ ಕಟ್ಟಿದರೆ ನಾಯಿಗಳ ಕಾಟವಿಲ್ಲದೆ ಹಕ್ಕಿಗಳು ತಂಗುತ್ತವೆ. ನಡೆಯುವ ದಾರಿ ಏರಿಯ ಮೇಲಿರಲಿ. ಜೌಗಿನ ಅಂಚನ್ನು ಜನರಿಂದ ದೂರವಿಡುವುದೇ ಸರಿ. ರಾತ್ರಿ ದೀಪ ಬೇಡವೇ ಬೇಡ.

ಕೋಡಿ ದಾಟಿದ ನೀರು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಕೋಡಿಯಲ್ಲಿ ನೊರೆ ಕಂಡ ದಿನ ಮತ್ತೆ ಉತ್ತರದ ತುದಿಗೆ ನಡೆದು, ಜೊಂಡಿನ ನಡುವೆ ನೀರು ಯಾವ ದಾರಿ ಹಿಡಿದಿದೆ ಎಂದು ನೋಡಬೇಕು.